ಎಮ್ಮೆ ಮೆಚ್ಚಿದ ಬೇಳೆ

ಚಂದಮ್ಮ ಬೇಳೆಯ ಬೋಗುಣಿಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದು, ಹಿತ್ತಲ ಬಾಗಿಲನ್ನು ಕಾಲಿನಿಂದಲೇ ತಳ್ಳಿದಳು. ಸುತ್ತ ಯಾರೂ ಇರಲಿಲ್ಲ. ಬೋರ್ಡಿಂಗಿನ ಎಮ್ಮೆ ಮಾತ್ರ ಕಿವಿ ನಿಗುರಿಸಿ ಆಗಲೇ ಎದ್ದು ನಿಂತಿತ್ತು.

"ಗದ್ದಲ ಮಾಡಬ್ಯಾಡ. ಸುಮ್ನ ತಿನ್ನು," ಎಂದು ಪಿಸುಗುಟ್ಟಿ, ಉಳಿದ ಬೇಳೆಯನ್ನೆಲ್ಲ ಅದರ ಮುಂದಿನ ಕಲ್ಲುಬಾನಿಗೆ ಸುರಿದಳು.

ಎಮ್ಮೆ ಮೂತಿ ಇಳಿಸಿ ಸೊರಸೊರ ಕುಡಿಯತೊಡಗಿತು. ಎಮ್ಮೆಗಳಿಗೆ ಉಪ್ಪೆಂದರೆ ಪಂಚಪ್ರಾಣ. ಇಡೀ ಕಮಲಾಪುರದಲ್ಲಿ ಅವ್ವನ ಬೇಳೆಯನ್ನು ಇಷ್ಟು ಪ್ರೀತಿಯಿಂದ ಕುಡಿಯುವುದು ಅದೊಂದೇ.

"ಚಂದೂ, ಬ್ಯಾಳಿ ಉಳೀತೇನ?" ಒಳಗಿನಿಂದ ಅವ್ವ ಕೂಗಿ ಕೇಳಿದಳು.

"ಇಲ್ಲವ್ವಾ, ಖಾಲಿ! ಹುಡುಗ್ರು ಇನ್ನೂ ಬೇಕಂದ್ರು! ಮಲ್ಲಣ್ಣ ಎರಡು ಸಲ ಹಾಕಿಸ್ಕೊಂಡ!"

ಸುಳ್ಳು ಹೇಳುವವರಿಗೆ ಒಂದು ಚಾಳಿ ಇರುತ್ತದೆ. ಕೇಳಿದ್ದಕ್ಕಿಂತ ಎರಡು ಮಾತು ಹೆಚ್ಚು ಹೇಳಿಬಿಡುತ್ತಾರೆ. ಚಂದಮ್ಮನಿಗೂ ಈಚೆಗೆ ಆ ಚಾಳಿ ಅಂಟಿತ್ತು.

ಅವಳು ಒಳಗೆ ಬಂದಾಗ ಅವ್ವ ಗೋಡೆಗೆ ಒರಗಿ ಕುಳಿತು ಮಂಡಿ ನೀವಿಕೊಳ್ಳುತ್ತಿದ್ದಳು. ಮುಂದಿನ ತಾಟಿನಲ್ಲಿ ಬೆಳಗಿನ ಜೋಳದ ರೊಟ್ಟಿ ಒಂದಿತ್ತು. ಅದರ ಮೇಲೆ ಒಂದಿಷ್ಟು ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ.

"ಖಾಲಿ ಆತಾ?" ಅವ್ವನ ದಣಿದ ಮುಖದಲ್ಲಿ ಸಣ್ಣ ನಗು ಬಂತು. "ಹೋಗ್ಲಿ ಬಿಡು, ಹುಡುಗ್ರು ಉಂಡ್ರ ಸಾಕು. ನಾಳಿ ಇನ್ನೊಂದೀಟು ಹೆಚ್ಚು ಬೇಯಿಸ್ತೀನಿ."

ಚಂದಮ್ಮ ಬರಿದಾದ ಬೋಗುಣಿಯನ್ನು ಮೂಲೆಯಲ್ಲಿ ಬೋರಲು ಹಾಕಿದಳು.

ಇದೆಲ್ಲ ಶುರುವಾದದ್ದು ತಬಾದಲಾದಿಂದ. ಆಗ ನಿಜಾಮರ ಆಳ್ವಿಕೆ. ನೌಕರಿ ಮಾಡುವವರನ್ನು ಒಂದೂರಿಂದ ಇನ್ನೊಂದೂರಿಗೆ ಕಳಿಸಿದರೆ ಅದಕ್ಕೆ ತಬಾದಲಾ ಎನ್ನುತ್ತಿದ್ದರು. ತಬಾದಲಾ ಆಗುವುದು ತಹಶೀಲ್ದಾರರಿಗೆ, ಪೊಲೀಸರಿಗೆ ಎಂದು ಚಂದಮ್ಮ ತಿಳಿದಿದ್ದಳು. ಅಡುಗೆ ಮಾಡುವ ಅವ್ವನಿಗೂ ಆಗುತ್ತದೆ ಎಂದು ಅವಳಿಗೇನು ಗೊತ್ತು?

ಅವ್ವನ ಹೆಸರು ಭಾಗಮ್ಮ. ಚಂದಮ್ಮ ಹುಟ್ಟುವುದಕ್ಕೂ ಮೊದಲಿನಿಂದ ಅವಳು ಕಲಬುರಗಿಯ ಒಂದು ಬೋರ್ಡಿಂಗಿನಲ್ಲಿ ಅಡುಗೆ ಮಾಡುತ್ತಿದ್ದಳು. ಹಳ್ಳಿಗಳಿಂದ ಓದಲು ಬಂದ ಹುಡುಗರಿಗೆ ಅಲ್ಲಿ ಊಟ, ವಸತಿ ಪುಕ್ಕಟೆ. ಖರ್ಚೆಲ್ಲ ಊರಿನ ಸಾವಕಾರರದು. ಚಂದಮ್ಮ ತೀರ ತಡವಾಗಿ ಹುಟ್ಟಿದ ಮಗಳು. ಅವಳು ಹುಟ್ಟಿದಾಗಲೇ ಅವ್ವನ ತಲೆ ಅರ್ಧ ನೆರೆತಿತ್ತು. ಅಪ್ಪ ಮಗಳ ಮುಖ ನೋಡಿ ವರ್ಷ ತುಂಬುವುದರೊಳಗೆ ತೀರಿಹೋಗಿದ್ದ.

ಕಲಬುರಗಿಯ ಅಡುಗೆಮನೆಯಲ್ಲಿ ಅವ್ವನ ಜೊತೆಗೆ ನೀರು ತರುವ ಹಣಮಮ್ಮ ಇದ್ದಳು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಹುಡುಗರದೆಲ್ಲ ಆದಮೇಲೆ ಇಬ್ಬರೂ ಎದುರುಬದುರು ಕೂತು ಉಣ್ಣುವರು. ಮೊದಲ ತುತ್ತು ಬಾಯಿಗಿಡುತ್ತಲೇ ಹಣಮಮ್ಮ ಶುರು ಮಾಡುವಳು. "ಭಾಗಕ್ಕಾ, ಇವತ್ತ ನಿನ್ನ ಕೈ ಜಾರ್ಯಾದ. ಉಪ್ಪು ಜಾಸ್ತಿ!"

"ಬಂದಾಳ ನೋಡು ದೊಡ್ಡ ಸಾವಕಾರ್ತಿ, ನನ್ನ ಅಡಗಿಗೆ ಹೆಸರಿಡಾಕ!" ಎಂದು ಅವ್ವ ಗದರುವಳು. ಗದರಿದರೂ ಮರುದಿನ ಉಪ್ಪು ಸರಿಯಾಗಿರುತ್ತಿತ್ತು.

ಒಂದು ದಿನ ಸಾವಕಾರರು ಅವ್ವನನ್ನು ಕರೆಸಿದರು. "ಕಮಲಾಪುರದಾಗ ಹೊಸಾ ಬೋರ್ಡಿಂಗ್ ತಗದೀವಿ ಭಾಗಮ್ಮಾ. ಅಲ್ಲಿ ಹುಡುಗ್ರು ಕಮ್ಮಿ, ಕೆಲಸಾ ಹಗುರ. ನಿನಗೂ ವಯಸ್ಸಾತು. ಆರಾಮ ಆಗ್ತದ," ಎಂದರು.

ಅವ್ವ "ಆಗಲ್ರೀ" ಎಂದಳು. ಮತ್ತೇನು ಅಂದಾಳು? ಅವಳ ಜಾಗಕ್ಕೆ ಬಂದ ಗಟ್ಟಿಮುಟ್ಟಾದ ಹೊಸ ಅಡುಗೆಯವಳು ಆಗಲೇ ಒಲೆಯ ಮುಂದೆ ಕೂತು ಪಟಪಟನೆ ರೊಟ್ಟಿ ಬಡಿಯುತ್ತಿದ್ದಳು.

ಎತ್ತಿನ ಬಂಡಿ ಮಹಾಗಾಂವ ದಾಟುವವರೆಗೂ ಅವ್ವ ಹಿಂದೆ ಬಿಟ್ಟ ದಾರಿಯನ್ನೇ ನೋಡುತ್ತಿದ್ದಳು. ಆಮೇಲೆ ಒಂದೇ ಮಾತು ಆಡಿದಳು. "ನನ್ನ ಕೈ ಸೋತದ ಅಂತ ಅವರಿಗೆ ಕಂಡದ, ಚಂದೂ."

ಕೆಲಸ ಹಗುರ ಎಂದಿದ್ದರಲ್ಲ, ಎಲ್ಲಿಯ ಹಗುರ? ಕಮಲಾಪುರದ ಒಲೆ ಹೊಗೆಯುಗುಳುತ್ತಿತ್ತು. ಸೀನೀರಿನ ಬಾವಿ ಊರ ಹೊರಗೆ. ಅಲ್ಲಿಂದ ತರುವ ನೀರು ಕುಡಿಯುವುದಕ್ಕೆ ಮಾತ್ರ. ಅಡುಗೆಗೆ ಹಿತ್ತಲ ಬಾವಿಯ ನೀರೇ. ಬೇಳೆ ಎಷ್ಟು ಕುದಿಸಿದರೂ ಬೇಯದು. ಅವ್ವ ಉಪ್ಪಿಗೆಂದು ಅಭ್ಯಾಸಬಲದಿಂದ ಬಲಕ್ಕೆ ಕೈ ಚಾಚುವಳು. ಇಲ್ಲಿ ಉಪ್ಪಿನ ಗಡಿಗೆ ಎಡಕ್ಕೆ. ದಿನಕ್ಕೆ ಹತ್ತು ಸಲ ಚಾಚುವಳು, ಹತ್ತು ಸಲವೂ ಬರಿಗೈ.

ಮದರಸಾದಲ್ಲಿ, ಎಂದರೆ ಅಲ್ಲಿಯ ಸರಕಾರಿ ಶಾಲೆಯಲ್ಲಿ, ಚಂದಮ್ಮನ ಪಾಡೂ ಅದೇ. ಕಲಬುರಗಿಯಲ್ಲಿ ಅವಳು ಕನ್ನಡ ಕಲಿಯುತ್ತಿದ್ದಳು. ಇಲ್ಲಿ ಪಾಠವೆಲ್ಲ ಬಲದಿಂದ ಎಡಕ್ಕೆ ಬರೆಯುವ ಉರ್ದುವಿನಲ್ಲಿ. ಅವಳ ಬಳಪ ಪಾಟಿಯ ಎಡಗಡೆಗೇ ಹೋಗಿ ಕೂರುತ್ತಿತ್ತು. "ಉಧರ್ ಸೇ ನಹೀಂ ಬೇಟೀ, ಇಧರ್ ಸೇ," ಎಂದು ಪಾಠ ಹೇಳುವ ಬುರ್ಹಾನುದ್ದೀನ್ ಸಾಹೇಬರು ಅವಳ ಕೈ ಹಿಡಿದು ಬಲಗಡೆಗೆ ತರುವರು.

ಬಂದ ಮೊದಲ ದಿನವೇ ಬೇಳೆ ಉಪ್ಪಾಗಿತ್ತು. ಅವ್ವ ಎಂದಿನಂತೆ ಒಂದು ಹಿಡಿ ಉಪ್ಪು ಹಾಕಿದ್ದಳು. ರುಚಿ ನೋಡಿರಲಿಲ್ಲ. ನೋಡುವ ಹಾಗೂ ಇರಲಿಲ್ಲ. ಹುಡುಗರು ಕೊರಳ ಲಿಂಗಕ್ಕೆ ಅರ್ಪಿಸಿ ಆಮೇಲೆ ಉಣ್ಣುವ ಅಡುಗೆ ಅದು. ಅದಕ್ಕೂ ಮೊದಲು ಬಾಯಿಗಿಟ್ಟರೆ ಎಂಜಲು. ಅವ್ವನಿಗೆ ಅವಳ ಕೈಯ ಅಳತೆಯೇ ನಾಲಗೆ.

ಪಡಸಾಲೆಯಲ್ಲಿ ಹುಡುಗರು ಮೊದಲ ತುತ್ತಿಗೇ ಮುಖ ಕಿವುಚಿದರು. ಬಡಿಸುತ್ತಿದ್ದ ಚಂದಮ್ಮನೂ ಸಾಲಿನ ಕೊನೆಗೆ ಕೂತು ತಿಂದು ನೋಡಿದಳು. ಕಣ್ಣಲ್ಲಿ ನೀರು ಬಂತು. ಹೇಳಬೇಕೆಂದು ಒಳಗೆ ಓಡಿದರೆ, ಅವ್ವ ಬರೀ ಒಂದು ಲೋಟ ಮಜ್ಜಿಗೆ ಕುಡಿದು ಬರಿನೆಲದ ಮೇಲೆ ಮಲಗಿಬಿಟ್ಟಿದ್ದಳು.

"ಹ್ಯಾಂಗ ಆಗಿತ್ತು?" ಕಣ್ಣು ಮುಚ್ಚಿಕೊಂಡೇ ಅವ್ವ ಕೇಳಿದ್ದಳು.

"ಛಲೋ ಆಗಿತ್ತವ್ವಾ."

ಒಂದು ಸುಳ್ಳಿಗೆ ಕಾವಲು ಕಾಯುವುದು ಎಮ್ಮೆ ಕಾಯುವುದಕ್ಕಿಂತ ಕಷ್ಟ. ಅಂದಿನಿಂದ ಚಂದಮ್ಮನಿಗೆ ಪುರುಸೊತ್ತೇ ಇಲ್ಲ. ಅವ್ವ ಒಲೆ ಬಿಟ್ಟು ಏಳುವುದರೊಳಗೆ ಬೋಗುಣಿ ಹಿತ್ತಲಿಗೆ ಹೋಗಿ ಬರಿದಾಗಿ ಬರಬೇಕಿತ್ತು.

ಮಲ್ಲಣ್ಣ ಎರಡು ಸಲ ಹಾಕಿಸಿಕೊಂಡನೆಂದು ಅವ್ವನಿಗೆ ಸುಳ್ಳು ಹೇಳಿದ ಮರುದಿನ, ಮದರಸಾ ಬಿಟ್ಟಮೇಲೆ ಆ ಮಲ್ಲಣ್ಣನೇ ದಾರಿಯಲ್ಲಿ ಅವಳನ್ನು ತಡೆದ. ಅವನು ಬೋರ್ಡಿಂಗಿನ ಹುಡುಗರಲ್ಲೆಲ್ಲ ದೊಡ್ಡವನು.

"ಏ ಚಂದಮ್ಮಾ, ಆಯಿಗೆ ಹೇಳ್ದೇನು?"

"ಆಕಿ ಆಯಿ ಅಲ್ಲ, ನಮ್ಮವ್ವ," ಎಂದಳು ಚಂದಮ್ಮ ಸಿಟ್ಟಿನಿಂದ. ಎಲ್ಲರೂ ಅವ್ವನನ್ನು ಅವಳ ಅಜ್ಜಿ ಎಂದೇ ತಿಳಿಯುತ್ತಿದ್ದರು.

"ಯಾರರೆ ಆಗ್ಲಿ. ದಿನಾ ಬಾಳೆಹಣ್ಣು ಹಚ್ಕೊಂಡು ರೊಟ್ಟಿ ತಿನ್ನಾಕತ್ತೀವಿ. ಎಷ್ಟು ದಿನಾ ಅಂತ ತಿನ್ನೂದು?"

"ನೀವೇ ಹೇಳ್ರಿ ಹಂಗಾರ."

ಮಲ್ಲಣ್ಣ ತಲೆ ಕೆರೆದುಕೊಂಡ. "ಆಕಿ ಮಖಾ ನೋಡಿದ್ರ ನನಗ ಬಾಯೇ ಬರಂಗಿಲ್ಲ. ನೀ ಹೇಳು. ಇವತ್ತ ಹೇಳ್ಲಿಲ್ಲಂದ್ರ ನಾಳಿ ಗುರುಲಿಂಗಪ್ಪ ಮಾಸ್ತರಗ ಹೇಳೇಬಿಡ್ತೀವಿ."

ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದವರು ಗುರುಲಿಂಗಪ್ಪ ಮಾಸ್ತರರು. ಅವರಿಗೆ ತಿಳಿದರೆ ಕಲಬುರಗಿಗೆ ಸುದ್ದಿ ಹೋಗುತ್ತದೆ. ಮುದುಕಿಯ ಕೈ ನಿಜವಾಗಿಯೂ ಸೋತಿದೆ ಎಂದು ಸಾವಕಾರರು ಅವ್ವನನ್ನು ಬಿಡಿಸಿಬಿಡುತ್ತಾರೆ. ಆಮೇಲೆ ಎಲ್ಲಿಗೆ ಹೋಗುವುದು? ಚಂದಮ್ಮ ಕಾಲೆಳೆದುಕೊಂಡು ಮನೆಗೆ ಬಂದಳು.

ಅಡುಗೆಮನೆಯಲ್ಲಿ ಅವ್ವ ನಿನ್ನೆಯದಕ್ಕಿಂತ ದೊಡ್ಡ ಬೋಗುಣಿಯೊಂದನ್ನು ಒಲೆಯಿಂದ ಇಳಿಸುತ್ತಿದ್ದಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಭಾರ ತಡೆಯಲಾಗಲಿಲ್ಲ. ಬೋಗುಣಿಯನ್ನು ನೆಲಕ್ಕಿಟ್ಟು ಗೋಡೆ ಹಿಡಿದು ನಿಂತಳು.

"ಅವ್ವಾ!"

"ಏನಿಲ್ಲ, ತಡಿ. ಒಂದೀಟು ದಮ್ಮು ತಗೋತೀನಿ." ಅವ್ವ ಸೆರಗಿನಿಂದ ಹಣೆ ಒರೆಸಿಕೊಂಡಳು. "ಇಲ್ಲಿಗೆ ಬಂದಾಗ ಸಾಕಪ್ಪಾ ಸಾಕು ಅನಿಸಿತ್ತು, ಚಂದೂ. ಖರೇ ಹೇಳ್ತೀನಿ, ಬಂಡಿ ಹೊಳ್ಳಿಸ್ಕೊಂಡು ಹೋಗಿಬಿಡಬೇಕು ಅನಿಸಿತ್ತು. ಆದ್ರ ಹುಡುಗ್ರು ಬೋಗುಣಿ ಬಳದು ಉಣ್ತಾವಲ್ಲ, ಅದೊಂದಕ್ಕ ದಿನಾ ಎದ್ದು ಒಲಿ ಹಚ್ಚಾಕತ್ತೀನಿ."

ಚಂದಮ್ಮ ಬೋಗುಣಿಯ ಇನ್ನೊಂದು ಬದಿ ಹಿಡಿದಳು. ಹೇಳಬೇಕೆಂದುಕೊಂಡದ್ದನ್ನು ಇವತ್ತೂ ಹೇಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹುಡುಗರು ಸಾಲಾಗಿ ಕುಳಿತರು. ಯಾರೂ ಬೇಳೆ ಮುಟ್ಟಲಿಲ್ಲ. ಮಲ್ಲಣ್ಣ ಪಡಸಾಲೆಯ ಮೂಲೆಯ ಗೊನೆಯಿಂದ ಕಿತ್ತ ಕೆಂಪು ಬಾಳೆಹಣ್ಣು ಸುಲಿಯುತ್ತ ಚಂದಮ್ಮನನ್ನೇ ನೋಡಿದ. ಅವಳು ಮುಖ ತಿರುಗಿಸಿಕೊಂಡಳು.

ಊಟ ಮುಗಿದಮೇಲೆ, ತುಂಬಿದಂತೆಯೇ ಇದ್ದ ದೊಡ್ಡ ಬೋಗುಣಿಯನ್ನು ಎಳೆಯುತ್ತ ಎಳೆಯುತ್ತ ಹಿತ್ತಲ ಬಾಗಿಲಿಗೆ ತಂದಳು. ಎಮ್ಮೆ ಆಗಲೇ ನಾಲಗೆ ಚಾಚಿ ನಿಂತಿತ್ತು. ಬೋಗುಣಿ ಎತ್ತುವ ಮೊದಲು ಚಂದಮ್ಮ ಒಮ್ಮೆ ತಿರುಗಿ ಒಳಗೆ ನೋಡಿದಳು.

ಅವ್ವ ಊಟಕ್ಕೆ ಕೂತಿದ್ದಳು. ಬೆಳಗಿನ ರೊಟ್ಟಿ ಒಣಗಿ ಗಟ್ಟಿಯಾಗಿತ್ತು. ಅವ್ವನ ಹಲ್ಲಿಗೆ ಅದು ಜಗ್ಗುತ್ತಿರಲಿಲ್ಲ. ಚೂರು ಚೂರು ಮುರಿದು, ತಂಬಿಗೆಯ ನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಬಾಯಿಗಿಡುತ್ತಿದ್ದಳು.

ಚಂದಮ್ಮ ಎಮ್ಮೆಯನ್ನು ನೋಡಿದಳು. ಅವ್ವನನ್ನು ನೋಡಿದಳು. ದಿನಾ ಎಮ್ಮೆಗೆ ಬೇಳೆ, ಅವ್ವನಿಗೆ ನೀರು! ಇದನ್ನು ಮಾಡುತ್ತಿದ್ದವಳು ತಾನೇ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಅವಳು ಬೋಗುಣಿಯನ್ನು ಒಳಗೆ ಎಳೆದು ತಂದು ಅವ್ವನ ಮುಂದೆ ಇಟ್ಟಳು.

"ಬ್ಯಾಳಿ ಉಳದದ ಅವ್ವಾ."

ಅವ್ವ ಬೋಗುಣಿಯೊಳಗೆ ನೋಡಿದಳು. ಆಮೇಲೆ ಮಗಳ ಮುಖ ನೋಡಿದಳು. ಒಂದು ಸೌಟು ಬೇಳೆ ತಾಟಿಗೆ ಹಾಕಿಕೊಂಡು, ರೊಟ್ಟಿಯ ಚೂರು ಅದ್ದಿ ಬಾಯಿಗಿಟ್ಟಳು. ಅಗಿಯುವುದು ನಿಂತಿತು. ಕಷ್ಟಪಟ್ಟು ನುಂಗಿ ನೀರು ಕುಡಿದಳು.

"ಇದು ಇವತ್ತ ಒಂದೇ ದಿನಾನೋ?"

"ಇಲ್ಲ. ಬಂದ ದಿನದಿಂದ."

"ಮತ್ತ ಖಾಲಿ ಆಗ್ತಿತ್ತಲ್ಲ?"

"ಎಮ್ಮಿಗೆ ಹಾಕ್ತಿದ್ದೆ."

ಅವ್ವನಿಗೆ ಸಿಟ್ಟು ಬಂತು. "ನಾ ಏನು ಸಣ್ಣ ಕೂಸೇನು? ಖರೇ ಹೇಳಿದ್ರ ಅಳತೀನಿ ಅಂತ ತಿಳದಿ?" ಎಂದಳು. ಹಾಗೆನ್ನುವಾಗಲೇ ಅವಳ ಕಣ್ಣು ತುಂಬಿತ್ತು.

"ನಿನಗ ಭಾಳ ದಣಿವಾಗಿತ್ತು. ಅದಕ್ಕ..." ಚಂದಮ್ಮ ಬಿಕ್ಕಿದಳು.

"ದಣಿವಾಗಿತ್ತು, ಹೌದು. ಅದರಾಗ ಎಮ್ಮಿ ಸಲುವಾಗಿ ದಿನಾ ಹೆಚ್ಚು ಹೆಚ್ಚು ಬೇಯಿಸಿದ್ನಲ್ಲ ನಾ!"

ಅವ್ವ ತಾಟನ್ನು ಪಕ್ಕಕ್ಕೆ ಸರಿಸಿದಳು. ಒಲೆಯ ಕೆಂಡ ಬೂದಿಯಾಗುತ್ತಿತ್ತು.

"ಹಣಮಿ ಇದ್ದಿದ್ರ ಮೊದಲ್ನೇ ದಿನಾನೇ ಬೈದಿರ್ತಿದ್ಳು," ಎಂದಳು ಅವ್ವ, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ನೆಲಕ್ಕೆ ಕೈಯೂರಿ ಎದ್ದಳು. ಅಡುಗೆಯ ನೀರಿನ ಕೊಡದಿಂದ ಒಂದು ಬೊಗಸೆ ನೀರು ತೆಗೆದು ಬಾಯಿಗೆ ಹಾಕಿ ಮುಕ್ಕಳಿಸಿದಳು.

"ಇಷ್ಟು ಸವುಳೇನು ಈ ನೀರು! ಅದಕ್ಕ ಈ ಬ್ಯಾಳಿ ಬೇಯಂಗಿಲ್ಲ. ಬಾವ್ಯಾಗೇ ಉಪ್ಪು ಅದ, ಅದರ ಮ್ಯಾಲ ನಂದೊಂದು ಹಿಡಿ." ಅವ್ವ ತನ್ನ ಬಲಗೈ ಬೆರಳುಗಳನ್ನು ಬಿಚ್ಚಿ ಮುಚ್ಚಿ ನೋಡಿಕೊಂಡಳು. "ನಾನೂ ಕೈಯೇ ಸೋತದ ಅಂತ ಅನ್ಕೊಂಡಿದ್ದೆ."

ಮರುದಿನ ಅವ್ವ ಮೊದಲಿನ ಸಣ್ಣ ಬೋಗುಣಿಯನ್ನೇ ಒಲೆಯ ಮೇಲಿಟ್ಟಳು. ಉಪ್ಪು ಹಾಕುವಾಗ ಹಿಡಿಯಲ್ಲಿದ್ದುದರಲ್ಲಿ ಒಂದಿಷ್ಟನ್ನು ಮೂರು ಸಲ ಗಡಿಗೆಗೆ ವಾಪಸ್ಸು ಉದುರಿಸಿದಳು.

ಸಂಜೆ ಹುಡುಗರು ಅನುಮಾನದಿಂದಲೇ ಕುಳಿತರು. ಮಲ್ಲಣ್ಣ ಮೊದಲ ತುತ್ತು ತಿಂದ. ಚಂದಮ್ಮ ಸೌಟು ಹಿಡಿದು ಅಲ್ಲೇ ನಿಂತಳು. ಉಳಿದವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು.

"ಚಂದಮ್ಮಾ, ಒಂದೀಟು ಉಪ್ಪು ಕೊಡು," ಎಂದ ಮಲ್ಲಣ್ಣ.

ಪಡಸಾಲೆಯೆಲ್ಲ ಗೊಳ್ಳೆಂದು ನಕ್ಕಿತು. ಮಲ್ಲಣ್ಣನೂ ನಕ್ಕ. ಎರಡು ಚಿಟಿಕೆ ಉಪ್ಪು ಬೆರೆಸಿಕೊಂಡು ಎರಡು ಸಲ ಬೇಳೆ ಹಾಕಿಸಿಕೊಂಡ. ಈ ಸಲ ನಿಜವಾಗಿಯೂ ಹಾಕಿಸಿಕೊಂಡ. ಮಾಸ್ತರರಿಗೆ ಹೇಳುವ ಮಾತನ್ನು ಯಾರೂ ಎತ್ತಲಿಲ್ಲ. ಬಾಳೆಹಣ್ಣು ಗೊನೆಯಲ್ಲೇ ಉಳಿದವು.

ಬೋಗುಣಿಯ ತಳದಲ್ಲಿ ಇಬ್ಬರಿಗೆ ಸಾಕಾಗುವಷ್ಟು ಬೇಳೆ ಇತ್ತು. ಅವ್ವ ಎರಡು ತಾಟಿಗೆ ಹಾಕಿದಳು. ಚಂದಮ್ಮ ಅವಳ ಎದುರಿಗೆ ಕುಳಿತಳು.

"ಹ್ಯಾಂಗ ಆಗ್ಯಾದ?" ಅವ್ವ ಕೇಳಿದಳು.

'ಛಲೋ' ಎಂಬುದು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಚಂದಮ್ಮ ಅದನ್ನು ರೊಟ್ಟಿಯ ಜೊತೆ ನುಂಗಿದಳು.

"ಉಪ್ಪು ಕಮ್ಮಿ ಬಿದ್ದದ. ಬ್ಯಾಳಿ ಇನ್ನೂ ಗಟ್ಟಿ ಅದ."

ಅವ್ವ ಹುಬ್ಬು ಗಂಟಿಕ್ಕಿದಳು. "ಬಂದಾಳ ನೋಡು ದೊಡ್ಡ ಸಾವಕಾರ್ತಿ, ನನ್ನ ಅಡಗಿಗೆ ಹೆಸರಿಡಾಕ!"

ಎಷ್ಟು ದಿನವಾಗಿತ್ತು ಆ ಬೈಗುಳ ಕೇಳಿ! ಬಂಡಿಗೆ ಗಂಟುಮೂಟೆ ಎಲ್ಲ ಹೇರಿದ್ದರು. ಅದೊಂದು ಮಾತ್ರ ಕಲಬುರಗಿಯಲ್ಲೇ ಉಳಿದುಬಿಟ್ಟಿತ್ತು ಎಂದು ಚಂದಮ್ಮನಿಗೆ ಈಗ ತಿಳಿಯಿತು.

ಗದರುತ್ತಲೇ ಅವ್ವ ಉಪ್ಪಿಗೆ ಕೈ ಚಾಚಿದಳು. ಕೈ ಬಲಕ್ಕೆ ಹೋಗಲಿಲ್ಲ. ನೋಡದೆಯೇ ನೆಟ್ಟಗೆ ಎಡಕ್ಕೆ ಹೋಯಿತು.

ಹಿತ್ತಲಲ್ಲಿ ಎಮ್ಮೆ ಒದರಿತು. ಸ್ವಲ್ಪ ಹೊತ್ತು ಕಾದು ಮತ್ತೆ ಒದರಿತು. ಚಂದಮ್ಮ ಏಳಲಿಲ್ಲ. ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿದಳು.