ಅಂಗಡಿ ಮುಚ್ಚಿದ ಸೆಟ್ಟಿ

"ಗೊಂಬೆ ಇಲ್ಲ!"

ನಾನು ಕಿರುಚಿದ ರಭಸಕ್ಕೆ ಚಾಮರಾಜಪೇಟೆಯ ಕಾಗೆಗಳೆಲ್ಲ ಎದ್ದು ಲಾಲ್‌ಬಾಗಿನವರೆಗೆ ಹಾರಿರಬೇಕು. ಕಾಲೇಜಿನ ಮ್ಯೂಸಿಯಂನಲ್ಲಿ ಏಳು ಮೆಟ್ಟಿಲ ಗೊಂಬೆ ಸಾಲಿನ ತುತ್ತತುದಿ ಖಾಲಿ. ಮದುವೆಯಲ್ಲಿ ಅಮ್ಮ ನನ್ನ ಮಡಿಲಿಗೆ ಹಾಕಿದ ಪಟ್ಟದ ಗೊಂಬೆಗಳು, ಗೇಣುದ್ದದ ರಕ್ತಚಂದನದ ರಾಜ ಮತ್ತು ರಾಣಿ, ಎರಡೂ ಮಾಯ!

ಅದು 2002ರ ಜನವರಿ. 'ನಾವು ಯಾರು?' ಎಂದು ದೊಡ್ಡ ಬೋರ್ಡು ಹಾಕಿ ಕಾಲೇಜಿನವರು ಪ್ರದರ್ಶನ ಇಟ್ಟಿದ್ದರು. ಹುಡುಗಿಯರು ಬರೆದ ಚಿತ್ರಗಳು, ಮನೆಮನೆಯಿಂದ ತಂದ ಹಳೆಯ ವಸ್ತುಗಳು. ಚಿತ್ರಕಲೆ ಕಲಿಸುವ ಮೈತ್ರೇಯಿ ನನ್ನ ಗೊಂಬೆಗಳನ್ನೂ ಕೇಳಿ ಒಯ್ದಿದ್ದಳು. ನಿನ್ನೆ ಉದ್ಘಾಟನೆ. ಇಂದು ಬೆಳಿಗ್ಗೆ ಕಳ್ಳತನ!

ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ವಾಚ್‌ಮನ್ ಓಬಳಪ್ಪನ ಬಳಿ ಮಾತ್ರ.

"ಇವನೇ ಕಳ್ಳ!" ಎಂದುಬಿಟ್ಟೆ, ಹೊರಗೆ ಕಾರಿಡಾರಿನಲ್ಲಿ, ಲಕ್ಷ ಹುಡುಗಿಯರ ಎದುರಿಗೆ. ಆ ಲಕ್ಷದಲ್ಲಿ ಅವನ ಮಗಳು ಬಿಂದುಶ್ರೀಯೂ ಒಬ್ಬಳು. ಅದೇ ಕಾಲೇಜು, ಮೊದಲನೇ ವರ್ಷದ ಬಿ.ಎ. ಪುಸ್ತಕ ಎದೆಗವಚಿಕೊಂಡು ಗೋಡೆಗೆ ಅಂಟಿ ನಿಂತಳು.

ಪ್ರಿನ್ಸಿಪಾಲ್ ಶ್ರೀನಿವಾಸಯ್ಯ ಗಡಿಯಾರ ನೋಡಿದರು. "ಸಂಜೆ ಐದರೊಳಗೆ ಗೊಂಬೆ ಸಿಗ್ಲಿಲ್ಲ ಅಂದ್ರೆ ನಿನ್ನ ಕೆಲಸ ಹೋಯ್ತು ಅಂದ್ಕೋ, ಓಬಳಪ್ಪ. ಆಮೇಲೆ ಪೊಲೀಸ್ನೋರು ವಿಚಾರಿಸ್ಕೋತಾರೆ."

ನಾನು ಮಾವಳ್ಳಿಯಿಂದ ನಾರಾಯಣಪ್ಪನವರನ್ನು ಕರೆಸಿದೆ. ರಿಟೈರಾದ ಹೆಡ್ ಕಾನ್‌ಸ್ಟೇಬಲ್. ಅವರ ಹೊಟ್ಟೆ ಬಾಗಿಲು ದಾಟಿ ಕಾಲು ಗಂಟೆಯಾದ ಮೇಲೆ ಅವರು ಬರುತ್ತಾರೆ. ಬಂದಾಗ ನಾಲ್ಕು ದಾಟಿತ್ತು.

"ಮೀಸೆ ತಿರುವಿದ್ದು ಸಾಕು ನಾರಾಯಣಪ್ಪ, ಕಳ್ಳನ್ನ ಒಪ್ಪಿಸಿ."

"ತೀರ್ಪು ನೀವೇ ಕೊಟ್ಟಾಯ್ತಂತಲ್ಲ ಅಮ್ಮಾ, ಇನ್ನು ನಾನ್ಯಾಕೆ?"

ಒಳಗೆ ಇದ್ದವರು ನಾವು ಆರು ಜನ. ಆರನೆಯವಳು ನನ್ನ ತಂಗಿ ಆಂಡಾಳ್. ಸುದ್ದಿ ಕೇಳಿ ಹನುಮಂತನಗರದಿಂದ ಓಡಿ ಬಂದು, ನನ್ನ ಕೈ ಹಿಡಿದು ಕೂತಿದ್ದಳು.

"ಓಬಳಪ್ಪ, ನೆನ್ನೆ ಜನ ಎಲ್ಲ ಹೋದ್ಮೇಲೆ ಒಳಗೆ ಯಾರ್ಯಾರು ಬಂದ್ರು?" ಎಂದು ಕೇಳಿದರು ನಾರಾಯಣಪ್ಪ.

"ಇಬ್ರು ಸಾರ್. ಮೈತ್ರೇಯಿ ಮೇಡಮ್ಮು ಲೈಟ್ ಆರಿಸೋಕೆ. ಈ ಆಂಡಾಳಮ್ಮ ಬ್ಯಾಗ್ ಹಿಡ್ಕೊಂಡು, ಕನ್ನಡಕ ಮರ್ತೆ ಅಂತ."

"ನೀನೂ ಜೊತೆಗೆ ಹೋದ್ಯಾ?"

"ಇಲ್ಲ ಸಾರ್, ಬಾಗಿಲಲ್ಲೇ ನಿಂತಿದ್ದೆ."

"ನೋಡಿ, ನೋಡಿ! ಮನೆಯವರ ಮೇಲೇ ಹಾಕ್ತಾನೆ!" ಎಂದೆ ನಾನು.

ನಾರಾಯಣಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೇ ಮೆಟ್ಟಿಲ ಮುಂದೆ ಬಗ್ಗಿದರು. ಅಲ್ಲಿ ಅಂಗಡಿ ಸೆಟ್ಟಿ, ಸೆಟ್ಟಮ್ಮ. ಮುಂದೆ ಪುಟ್ಟ ಪುಟ್ಟ ರಾಶಿ ಅಕ್ಕಿ, ಬೇಳೆ, ರಾಗಿ. ಸೆಟ್ಟಮ್ಮ ಕೂತಿದ್ದಳು. ಸೆಟ್ಟಿ ಅಂಗಾತ ಮಲಗಿದ್ದ.

"ಇವನ್ಯಾಕೆ ಮಲಗಿದಾನೆ?"

"ಬಿದ್ದಿರ್ಬೇಕು," ಎಂದಳು ಮೈತ್ರೇಯಿ.

"ಮಣ್ಣಿನ ಗೊಂಬೆ. ಬಿದ್ದಿದ್ರೆ ಮೂಗಾದ್ರೂ ಮುಕ್ಕಾಗ್ತಿತ್ತು. ಒಂದು ಕಾಳೂ ಚೆಲ್ಲಿಲ್ಲ. ಕೂಸನ್ನ ಮಲಗಿಸಿದ ಹಾಗೆ ಮಲಗಿಸಿದಾರೆ. ಯಾಕೆ?"

ನನಗೆ ನಗು ಬಂತು. "ಅಯ್ಯೋ, ಅದೇನ್ ಮಹಾ! ಗೊಂಬೆ ಎತ್ತಿಡೋ ಮುಂಚೆ ಒಂದನ್ನ ಮಲಗಿಸೋದು ಶಾಸ್ತ್ರ. ದಸರಾ ಮುಗಿದ ರಾತ್ರಿ ಎಲ್ಲರ ಮನೇಲೂ ಮಾಡ್ತಾರೆ. ಅಷ್ಟೂ ಗೊತ್ತಿಲ್ವಾ?"

"ಇಲ್ಲ. ನಮ್ಮನೇಲಿ ಗೊಂಬೆ ಕೂರಿಸಲ್ಲ. ಓಬಳಪ್ಪ, ನಿಮ್ಮನೇಲಿ?"

"ನಮ್ಮನೇಲಿ ಬುದ್ಧನ ಫೋಟೋ ಒಂದೇ ಸಾರ್."

"ಹಾಗಾದ್ರೆ, ಮಲಗಿಸದೆ ಎತ್ತಬಾರದು ಅನ್ನೋದು ಇವನಿಗೆ ಹೇಗೆ ಗೊತ್ತು?"

ಗಂಟೆ ನಾಲ್ಕೂ ಮುಕ್ಕಾಲು. ಎಲ್ಲರ ಕಣ್ಣೂ ಮೈತ್ರೇಯಿಯ ಮೇಲೆ. ಅವಳ ಮುಖ ಬಿಳುಚಿತು.

"ಮೇಡಂ, ನಿಮ್ಮನೇಲಿ ಯಾವ ಗೊಂಬೆ ಮಲಗಿಸ್ತೀರಿ?"

"ಪಟ್ಟದ ಗೊಂಬೆನೇ... ಎಲ್ರೂ ಹಾಗೇ ಅಲ್ವಾ?"

"ನಮ್ಮನೇಲೂ ರಾಜನ್ನೇ," ಎಂದರು ಶ್ರೀನಿವಾಸಯ್ಯ.

"ನಿಮ್ಮನೇಲಿ, ಅಮ್ಮಾ?"

"ನಮ್ಮದೇ ಬೇರೆ!" ಎಂದೆ, ಬೀಗುತ್ತ. "ರಾಜ ಮಲಗಿದ್ರೆ ಊರು ಕಾಯೋರ್ಯಾರು, ಮೊದಲು ಅಂಗಡಿ ಮುಚ್ಚಲಿ ಅನ್ನೋಳು ನಮ್ಮಮ್ಮ. ಮೂರು ಲೋಕದಲ್ಲಿ ಸೆಟ್ಟಿನ ಮಲಗಿಸೋರು ಅಂದ್ರೆ ನಾನು, ಆಮೇಲೆ—"

ನಾಲಿಗೆ ಅಲ್ಲೇ ನಿಂತಿತು. ಆಂಡಾಳ್ ನನ್ನ ಕೈ ಬಿಟ್ಟಿದ್ದಳು.

"ನೀವೆಲ್ಲ ಬೆಳಿಗ್ಗೆಯಿಂದ ಸೆಟ್ಟಿನ ನೋಡ್ತಾನೇ ಇದೀರಿ," ಎಂದರು ನಾರಾಯಣಪ್ಪ. "ಮನೇಲಿ ನೋಡಿ ನೋಡಿ ರೂಢಿ, ಅದಕ್ಕೇ ಯಾರಿಗೂ ವಿಚಿತ್ರ ಅನ್ನಿಸ್ಲಿಲ್ಲ. ನನಗೆ ಹೊಸದು, ಕಣ್ಣಿಗೆ ಹೊಡೀತು. ಕನ್ನಡಕದ ನೆಪ, ಕೈಯಲ್ಲಿ ಬ್ಯಾಗು. ಆ ಗಡಿಬಿಡೀಲೂ ಅಮ್ಮನ ಶಾಸ್ತ್ರ ಬಿಡ್ಲಿಲ್ಲ. ಕದ್ದಿದ್ದು ನೀವೇ ಅಲ್ವಾ, ಆಂಡಾಳಮ್ಮ?"

ಆಂಡಾಳ್ ಗೊಂಬೆ ಸಾಲಿನ ಕೆಳಗಿದ್ದ ಚೀಟಿ ತೋರಿಸಿದಳು. "ಅದನ್ನ ಓದಿ, ಮೇಡಂ."

ಮೈತ್ರೇಯಿ ಓದಿದಳು. "'ತಾಯಿ ತನ್ನ ಒಬ್ಬಳೇ ಮಗಳಿಗೆ ಕೊಟ್ಟ ಪಟ್ಟದ ಗೊಂಬೆ.'"

"ಒಬ್ಬಳೇ ಮಗಳು! ಹಾಗಾದ್ರೆ ನಾನ್ಯಾರಕ್ಕ? ಊರೆಲ್ಲ ನಿಂತು ಓದ್ತಿತ್ತು. ಮಾರೋಕೆ ತಗೊಂಡಿಲ್ಲ ಕಣೇ, ಮನೇಲಿ ದೇವರ ಮುಂದೆ ಕೂರಿಸಿದೀನಿ."

ನಾನು ಮೂರನೇ ಕ್ಲಾಸಿಗೇ ಸ್ಲೇಟು ಒಡೆದು ಶಾಲೆ ಬಿಟ್ಟವಳು. ಚೀಟಿ ನೋಡಿದ್ದೆ, ಓದಿರಲಿಲ್ಲ. ಆದರೆ ಕಾಫಿ ಕೊಡುತ್ತ, ಕಥೆಗೆ ಕಳೆ ಬರಲಿ ಎಂದು ಮೈತ್ರೇಯಿಗೆ ಹಾಗೆ ಹೇಳಿದವಳು ನಾನೇ.

"ಆದ್ರೂ ಆಂಡಾಳೂ, ಒಬ್ಬರ ಅನ್ನ ಹೋಗ್ತಿತ್ತಲ್ಲೇ!"

"ಬಾಯಿ ಮುಚ್ಕೊಂಡು ಕೂತಿದ್ದು ನಾನು, ನಿಜ. ಕಳ್ಳ ಅಂದಿದ್ದು ನೀನು."

ಶ್ರೀನಿವಾಸಯ್ಯ ಕೆಮ್ಮಿದರು. "ಸರಿ ಓಬಳಪ್ಪ, ಹೋಗು, ನಿನ್ನ ಕೆಲಸ ನೋಡ್ಕೋ."

ಓಬಳಪ್ಪ ಅಲುಗಲಿಲ್ಲ. "ಅಮ್ಮಾ, ಕಳ್ಳ ಅಂತ ಹೊರಗೆ ಮಕ್ಕಳ ಮುಂದೆ ಹೇಳಿದ್ರಿ. ಅಲ್ಲ ಅಂತ ಇಲ್ಲಿ ನಾಲ್ಕು ಗೋಡೆ ಒಳಗೆ ಹೇಳಿದ್ರೆ ಸಾಕಾ?"

ಎದ್ದೆ. ಆಂಡಾಳ್ ಕೂಡ ಎದ್ದಳು. ಕಾರಿಡಾರಿನಲ್ಲಿ ಕ್ಲಾಸು ಬಿಟ್ಟ ಹುಡುಗಿಯರು, ಲೆಕ್ಕ ಹಾಕಿದರೆ ಅರವತ್ತು ಎಪ್ಪತ್ತು ಜನ. ಬಿಂದುಶ್ರೀ ಇನ್ನೂ ಅದೇ ಗೋಡೆಯ ಬಳಿ ನಿಂತಿದ್ದಳು.

"ಕೇಳ್ರಮ್ಮಾ. ಓಬಳಪ್ಪ ಕದ್ದಿಲ್ಲ. ಕದ್ದೋಳು ನನ್ನ ತಂಗಿ. ಸುಳ್ಳು ಹೇಳ್ದೋಳು ನಾನು."

ಬಿಂದುಶ್ರೀ ಅಪ್ಪನ ಪಕ್ಕಕ್ಕೆ ಬಂದು ನಿಂತಳು.

"ಇನ್ನೂ ಜೋರಾಗಿ ಹೇಳಿ, ಅಜ್ಜಿ," ಎಂದಳು. "ಹಿಂದಿರೋರಿಗೆ ಕೇಳಿಸ್ಲಿಲ್ಲ."