ಊರು ಕೇಳುವ ಗೂಬೆ

ಬಹಳ ಹಿಂದೆ, ಏಳು ಬೆಟ್ಟಗಳಾಚೆಯ ಸೋಮಗಿರಿ ರಾಜ್ಯದಲ್ಲಿ ಹೊಗೆಗಣ್ಣನೆಂಬ ಮಾಯಾವಿಯಿದ್ದ. ಕಂಡವರನ್ನೆಲ್ಲ ಗಿಳಿ ಮಾಡಿ ಗುಹೆಯ ಪಂಜರಗಳಲ್ಲಿ ತುಂಬುವುದೇ ಅವನ ಹುಚ್ಚು. ತನ್ನ ತಮ್ಮ ಬೀರನನ್ನೂ ಅವನು ಹಿಡಿದನೆಂದು ತಿಳಿದದ್ದೇ ತಡ, ಹೊಂಗೆಹಳ್ಳಿಯ ಪುಟ್ಟತಾಯಿ ಎದ್ದೆನೋ ಬಿದ್ದೆನೋ ಎಂದು ಗುಹೆಗೆ ಓಡಿದಳು.

ಹೊಸ್ತಿಲಲ್ಲಿ ಕಾವಲಿನ ಗೂಬೆ ಕೂತಿತ್ತು. "ಇಲ್ಲಿಂದ್ಲೇ ಮೂರು ಸಲ ಕೂಗು, ತಾಯಿ. ಒಂದೇ ಗಿಳಿ ಓಗೊಟ್ರೆ ಅದು ನಿಂದು. ಮೂರೂ ತಪ್ಪಿದ್ರೆ, ಇಲ್ಲಾ ಈ ದೀಪ ಆರಿದ್ರೆ, ನೀನೂ ಗಿಳಿ."

"ಬೀರಾ!"

"ಓ! ಓ!" ಮೂಲೆಮೂಲೆಯಿಂದ ಗಿಳಿಗಳು ಕಿರುಚಿದವು. ರಾಜ್ಯದಲ್ಲಿ ಬೀರರಿಗೇನು ಬರವೇ? ಗೂಬೆ ಒಂದೊಂದೇ ಪಂಜರ ಇಣುಕಿ ಬರುವಷ್ಟರಲ್ಲಿ ದೀಪದ ಎಣ್ಣೆ ಅರ್ಧಕ್ಕಿಳಿಯಿತು. ಪುಟ್ಟತಾಯಿಯ ಬೆರಳುಗಳಲ್ಲಿ ಹಸಿರು ಗರಿ ಮೂಡಿತು.

"ಬರೀ ಹೆಸರು ಹೇಳಿದ್ರೆ ಇಡೀ ಗುಹೆ ತಡಕಬೇಕು," ಗೂಬೆ ಏದುಸಿರು ಬಿಟ್ಟಿತು. "ಪಂಜರ ಜೋಡಿಸಿರೋದು ಊರಿನ ಪ್ರಕಾರ. ಊರೊಳಗೆ ಹೆಸರಿನ ಪ್ರಕಾರ."

"ಹಂಗಾದ್ರೆ ಹೊಂಗೆಹಳ್ಳಿ!" ಎಂದುಬಿಟ್ಟಳು ಆತುರಗೇಡಿ. ಗೂಬೆ ನೆಟ್ಟಗೆ ಒಂದು ಸಾಲಿಗೆ ಹಾರಿತು. ಆದರೆ ಸಾಲಿಗೆ ಸಾಲೇ ಓಗೊಟ್ಟಿತು. ಗರಿ ಭುಜಕ್ಕೇರಿತು.

ಎರಡನ್ನೂ ಸೇರಿಸಿ ಕೂಗಬೇಕೆಂದು ಆಗ ಹೊಳೆಯಿತು. ಆದರೆ ಉಳಿದದ್ದು ಒಂದೇ ಕೂಗು. ಊರಲ್ಲಿ ಇನ್ನೊಬ್ಬ ಬೀರನಿದ್ದರೆ? ದೀಪ ಪಟಪಟ ಅಂದಿತು. ಆಮೇಲೆ ಊರಿನ ಕಟ್ಟಳೆ ನೆನಪಾಯಿತು. ಹೊಂಗೆಹಳ್ಳಿಯಲ್ಲಿ ನಾಮಕರಣಕ್ಕೆ ಮುಂಚೆ ಹಿರಿಯರು ಮನೆಮನೆಗೂ ಹೋಗಿ, ಆ ಹೆಸರಿನವರು ಇದ್ದಾರೆಯೇ ಎಂದು ಕೇಳುತ್ತಾರೆ. ಇದ್ದರೆ ಮಗುವಿಗೆ ಬೇರೆ ಹೆಸರೇ ಗತಿ. ಹೆತ್ತವಳು ಅತ್ತು ಕರೆದರೂ ಅಷ್ಟೇ.

"ಹೊಂಗೆಹಳ್ಳಿ ಬೀರಾ!"

"ಅಕ್ಕಾ!" ಒಂದೇ ಒಂದು ದನಿ.

ಗೂಬೆ ನೆಟ್ಟಗೆ ಹೋಗಿ ಆ ಪಂಜರ ತೆರೆಯಿತು. ಬೀರ ಮನುಷ್ಯನಾಗಿ ಓಡಿಬಂದು ಅಕ್ಕನನ್ನು ತಬ್ಬಿಕೊಂಡ. ಅವಳ ಗರಿಗಳೆಲ್ಲ ಉದುರಿದವು.

ಸದಾ ಹೊರಗೆ ನಿಂತೇ ಅಪ್ಪಣೆ ಕೊಡುತ್ತಿದ್ದ ಹೊಗೆಗಣ್ಣ, ಸಿಟ್ಟಿನಲ್ಲಿ ಮೈಮರೆತು ಒಳಗೆ ನುಗ್ಗಿದ. ಗೂಬೆ ಅಡ್ಡ ಬಂತು. "ಒಳಗೆ ಬಂದೋರು ಊರು, ಹೆಸರು ಎರಡೂ ಹೇಳ್ಬೇಕು. ಒಂದು ಖಾಲಿ ಬಿಟ್ರೂ ಇಲ್ಲಿ ಉಳಿಯಂಗಿಲ್ಲ. ಕಟ್ಟಳೆ ಮಾಡಿದೋರು ನೀವೇ, ಒಡೆಯಾ."

"ಹೊಗೆಗಣ್ಣ ಕಣೋ!"

"ಅದು ಹೆಸರು. ಊರು?"

ಇವನು ನಮ್ಮವನು ಎನ್ನುವ ಊರೇ ಮಾಯಾವಿಗಿರಲಿಲ್ಲ. ನಿಂತಲ್ಲೇ ಹೊಗೆಯಾಗಿ ಕರಗಿಹೋದ.

ಪಂಜರಗಳೆಲ್ಲ ತಾವಾಗಿಯೇ ತೆರೆದುಕೊಂಡವು. ಗಿಳಿಗಳಾಗಿದ್ದವರು ಮನುಷ್ಯರಾಗಿ ಅಳುತ್ತ ನಗುತ್ತ ತಂತಮ್ಮ ಊರಿನ ದಾರಿ ಹಿಡಿದರು. ಸೋಮಗಿರಿಯಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ಬೀರ ಮಾತ್ರ ಮನೆ ಮುಟ್ಟುವವರೆಗೂ ಅಕ್ಕನ ಸೆರಗು ಬಿಡಲಿಲ್ಲ.