ಶಾಯಿಸ್ತಾಳಿಗೆ ಹೇಳಿದ ದರ

ತಿಂಗಳ ಎರಡನೆಯ ಮಂಗಳವಾರ ಕೊಪ್ಪಳದ ಬಸ್ಸು ಯಲಬುರ್ಗಾ ಮುಟ್ಟುವ ಹೊತ್ತಿಗೆ ಟೇಲರ್ ಅಫ್ರೋಜನ ಅಂಗಿಗೆ ಇಸ್ತ್ರಿ ಬಿದ್ದಿರುತ್ತಿತ್ತು. ಆ ಬಸ್ಸಿನಿಂದ ಶಾಯಿಸ್ತಾ ಇಳಿಯುತ್ತಿದ್ದಳು. ಸರ್ಕಾರದ ಪರವಾಗಿ ಅಂಗಡಿ ಅಂಗಡಿ ತಿರುಗಿ ದರ ಬರೆದುಕೊಳ್ಳುವುದು ಅವಳ ಕೆಲಸ.

"ಚೂಡಿ ಹೊಲಿಗಿ ಎಷ್ಟ್ರಿ?" ಎಂದು ಮೊದಲ ಸಲ ಕೇಳಿದಾಗ, ಹೊಲಿಸಲು ಬಂದವಳೆಂದೇ ಅವನು ತಿಳಿದಿದ್ದ. ಆ ಕಣ್ಣುಗಳ ಎದುರು ಮುನ್ನೂರೈವತ್ತು ಅನ್ನಲು ನಾಲಿಗೆ ಏಳಲಿಲ್ಲ. ಇನ್ನೂರೈವತ್ತು ಅಂದುಬಿಟ್ಟ. ಅವಳು ಟ್ಯಾಬಿನಲ್ಲಿ ಅದನ್ನೇ ಒತ್ತಿಕೊಂಡಳು. ಆಡಿದ ಮಾತು ತಿರುಗಿಸುವುದು ಅವನ ಜಾಯಮಾನವಲ್ಲ. ಎಂಟು ತಿಂಗಳು ಅದೇ ದರ ಹೇಳಿದ.

ನಿಂತು ಚಹಾ ಕುಡಿಯುವಷ್ಟು ಪರಿಚಯವಾದ ಮೇಲೆ ಅವಳು ತನ್ನ ಕೆಲಸವನ್ನು ಬಿಡಿಸಿ ಹೇಳಿದ್ದಳು. ಉಳ್ಳಾಗಡ್ಡಿ, ಡೀಸೆಲ್ ದರ ಇವತ್ತು ಏರಿ ನಾಳೆ ಇಳಿಯುತ್ತವೆ. ಆಹಾರ, ಇಂಧನ ಬದಿಗಿಟ್ಟು ಹೊಲಿಗೆ, ಹೇರ್ ಕಟಿಂಗ್, ಟ್ಯೂಷನ್‌ನಂಥವನ್ನು ನೋಡಿದರೆ ಬೆಲೆ ಏರಿಕೆಯ ನಿಜವಾದ ನಡೆ ತಿಳಿಯುತ್ತದಂತೆ. ಅದಕ್ಕೆ ಕೋರ್ ಇನ್‌ಫ್ಲೇಶನ್ ಅನ್ನುತ್ತಾರಂತೆ. ಅವನ ಅಂಗಡಿಯ ದರವೂ ರಾಜ್ಯದ ಲೆಕ್ಕಕ್ಕೆ, ದೇಶದ ಲೆಕ್ಕಕ್ಕೆ ಸೇರುತ್ತದೆ ಎಂದಾಗ ಅಫ್ರೋಜ ಕತ್ತರಿ ನಿಲ್ಲಿಸದೆ ಅವಳನ್ನೇ ನೋಡಿದ್ದ.

"ಬಟ್ಟಿ ನೋಡ್ರಿ. ಬೆರಳು ಹೋದೀತು" ಎಂದು ಅವಳು ನಕ್ಕಿದ್ದಳು.

ಈ ಮಂಗಳವಾರ ಆ ನಗು ಇರಲಿಲ್ಲ. ಕುಷ್ಟಗಿ, ಗಂಗಾವತಿಯಲ್ಲೆಲ್ಲ ಹೊಲಿಗೆ ದರ ಏರಿದೆ, ಇಲ್ಲೊಂದೇ ಕದಲಿಲ್ಲ. ಅವಳು ಅಂಗಡಿಗೆ ಹೋಗದೆ ಮನೆಯಲ್ಲೇ ಕುಳಿತು ದರ ತುಂಬಿದ್ದಾಳೆಂದು ಕಚೇರಿಯ ಸಾಹೇಬರಿಗೆ ಗುಮಾನಿ. ಉತ್ತರ ಕೊಡದಿದ್ದರೆ ಕೆಲಸ ಹೋಗುತ್ತದೆ.

ಅಫ್ರೋಜ ಬಿಲ್ ಬುಕ್ ತೆಗೆದು ಮುಂದಿಟ್ಟ. ಹಾಳೆ ಹಾಳೆಗೂ ಮುನ್ನೂರೈವತ್ತು, ಹೋದ ತಿಂಗಳಿಂದ ನಾನೂರು.

"ಇದನ್ನ ತೋರಸ್ರಿ. ತಪ್ಪು ನಂದಂತ ಬರದು ಸಹಿ ಮಾಡಿ ಕೊಡ್ತೀನಿ."

"ಮತ್ತ ಇನ್ನೂರೈವತ್ತು ಯಾರ ದರಾರಿ?"

"ನಿಮ್ಮ ಒಬ್ಬರದ. ಅವತ್ತ ನಾ ಹೇಳಿದ್ದು ನಿಮಗ, ಸರ್ಕಾರಕ್ಕಲ್ಲ."

ಅವಳು ಬಹಳ ಹೊತ್ತು ಹಾಳೆ ತಿರುವಿದಳು. ಫೋಟೊ ತೆಗೆದುಕೊಂಡಳು, ಅವನು ಬರೆದುಕೊಟ್ಟ ಪತ್ರ ಮಡಚಿಟ್ಟುಕೊಂಡಳು. ಮುಂದಿನ ತಿಂಗಳಿಂದ ದರ ಬರೆಯಲು ಬೇರೆ ಅಂಗಡಿ ಕೊಡಿ ಎಂದು ಸಾಹೇಬರನ್ನು ಕೇಳುತ್ತೇನೆ ಎಂದಳು.

ಅಫ್ರೋಜ ಬಿಲ್ ಬುಕ್ಕನ್ನು ಮತ್ತೆ ಅವಳತ್ತ ಸರಿಸಿದ. "ಈಗ ಖರೇನ ಹೇಳೀನಲ್ರಿ."

"ಹೇಳೀರಿ. ಆದರ ನಮ್ಮ ಮನಿಯವರ ಅಂಗಡಿ ದರಾ ನಾನ ಬರಕೊಂಡ್ರ ಛಲೋ ಕಾಣಸಂಗಿಲ್ಲ."

ಆ ಮಾತು ಅವನೊಳಗೆ ಇಳಿಯುವಷ್ಟರಲ್ಲಿ ಅವಳು ಚೀಲದಿಂದ ಹಸಿರು ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿದ್ದಳು, ಜೊತೆಗೆ ಅಳತೆಗೊಂದು ಹಳೆಯ ಚೂಡಿ. ಬಟ್ಟೆಯ ಮಡಿಕೆಗಳು ಬಿಳಚಿ ಗೆರೆ ಬಿದ್ದಿದ್ದವು. ಎಂಟು ತಿಂಗಳು ಅದು ಅವಳ ಚೀಲದಲ್ಲೇ ಅದೇ ಬಸ್ಸಿನಲ್ಲಿ ಬಂದು ಹೋಗಿತ್ತು.

ಬಿಸ್ಮಿಲ್ಲಾ ಎಂದು ಅಫ್ರೋಜ ಟೇಪು ಬಿಚ್ಚಿದ.